ತನಿಖಾ ಠಾಣೆಯ ಎರಡು ಬದಿ

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ನನ್ನ ಊರು. ಗಡಿಸೀಮೆಯ ಜನರಿಗೆ ಎರಡು ಸಂಗತಿಗಳು ಬಾಲ್ಯದಿಂದಲೇ ರೂಢಿಯಾಗಿರುತ್ತವೆ. ಒಂದು, ಎರಡು ಭಾಷೆಗಳಲ್ಲಿ ಬಾಳುವುದು. ಇನ್ನೊಂದು, ತನಿಖಾ ಠಾಣೆಯ ಮುಂದೆ ಗಾಡಿ ನಿಲ್ಲಿಸುವುದು. ನಮ್ಮಲ್ಲಿ ಕನ್ನಡ ಎಲ್ಲಿ ಮುಗಿಯಿತು, ತೆಲುಗು ಎಲ್ಲಿ ಮೊದಲಾಯಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಆದರೆ ಕರ್ನಾಟಕ ಎಲ್ಲಿ ಮುಗಿಯಿತೆಂಬುದನ್ನು ರಸ್ತೆಗೆ ಅಡ್ಡವಾಗಿ ಇಟ್ಟ ಕಬ್ಬಿಣದ ತಡೆ, ಒಂದು ಶಾಮಿಯಾನ, ಎರಡು ಕುರ್ಚಿ, ಖಾಕಿ ತೊಟ್ಟ ಒಂದಿಬ್ಬರು ತೋರಿಸಿಕೊಡುತ್ತಾರೆ. ಚುನಾವಣೆ ಬಂತೆಂದರೆ ರಾಯದುರ್ಗದ ಕಡೆಯ ದಾರಿಯಲ್ಲೂ ಬಳ್ಳಾರಿಯ ಕಡೆಯ ದಾರಿಯಲ್ಲೂ ಇಂಥ ಠಾಣೆಗಳು ಏಳುತ್ತವೆ. ಶೇಂಗಾ ಮಾರಿ ಬಂದವನ ಹಣದ ಚೀಲ, ನೇಕಾರನ ಸೀರೆಯ ಗಂಟು, ಕುರಿ ಸಂತೆಗೆ ಹೊರಟವನ ಸೊಂಟದ ಪಟ್ಟಿ ಎಲ್ಲಕ್ಕೂ ಲೆಕ್ಕ ಒಪ್ಪಿಸಬೇಕಾಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಗಡಿಯಲ್ಲಿ ಕಾವಲು ಬೇಕು.

ಆದರೆ ಈ ಕಾವಲಿನ ಜಾಗದಲ್ಲಿ, ಕೆಲವೇ ಕ್ಷಣಗಳೊಳಗೆ, ಒಬ್ಬ ಮನುಷ್ಯ ಇನ್ನೊಬ್ಬನ ಮೇಲೆ ಲಾಠಿಯನ್ನೋ ಬಂದೂಕನ್ನೋ ಎತ್ತಬಹುದಾದ ಸಂದರ್ಭ ಒದಗುತ್ತದೆ. ಆಗ ಅವನಿಗಿರುವ ಅಧಿಕಾರವೆಷ್ಟು? ಅದರ ಮೇರೆ ಯಾವುದು? ಇಂದು ಈ ವಿಷಯವನ್ನು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ನಾನು ಕಾನೂನು ಪಂಡಿತನಲ್ಲ. ಸರ್ಕಾರಿ ನೌಕರಿಯಿಂದ ನಿವೃತ್ತನಾದವನು. ತನಿಖಾ ಠಾಣೆಯ ಎರಡು ಬದಿಯಲ್ಲೂ ನಿಂತು ನೋಡಿದ್ದೇನೆ ಎಂಬುದಷ್ಟೇ ನನ್ನ ಅರ್ಹತೆ.

ಮೊದಲ ಬದಿಯ ಅನುಭವ 2013ರ ವಿಧಾನಸಭಾ ಚುನಾವಣೆಯ ಕಾಲದ್ದು. ರಾತ್ರಿ ಹತ್ತು ದಾಟಿದ ಮೇಲೆ ನನ್ನ ಅಕ್ಕನಿಗೆ ಎದೆನೋವು ಕಾಣಿಸಿಕೊಂಡಿತು. ಊರಿನ ಹುಡುಗನೊಬ್ಬನ ಜೀಪಿನಲ್ಲಿ ಆಕೆಯನ್ನು ಮಲಗಿಸಿಕೊಂಡು ಬಳ್ಳಾರಿಗೆ ಹೊರಟೆವು. ದಾರಿಯಲ್ಲೊಂದು ತಿರುವು. ದೀಪವಿಲ್ಲ, ಫಲಕವಿಲ್ಲ. ಇದ್ದಕ್ಕಿದ್ದಂತೆ ಬೇಲಿಯ ಮರೆಯಿಂದ ಇಬ್ಬರು ರಸ್ತೆಗೆ ಹಾರಿದರು. ಹುಡುಗ ಬ್ರೇಕು ಒತ್ತುವ ಬದಲು ಒಂದು ಗಳಿಗೆ ಗಾಡಿಯನ್ನು ಮುಂದಕ್ಕೇ ಓಡಿಸಿದ. ಬೆಳಕಿನಲ್ಲಿ ಖಾಕಿ ಕಂಡ ಮೇಲೆ ನಿಲ್ಲಿಸಿದ. ಅಷ್ಟರಲ್ಲಿ ಗಾಡಿ ಅವರನ್ನು ದಾಟಿ ಹೋಗಿತ್ತು. ಓಡಿ ಬಂದವರ ಲಾಠಿಯೇಟಿಗೆ ಪಕ್ಕದ ಗಾಜು ಒಡೆದು ಹುಡುಗನ ಕೆನ್ನೆ ಸೀಳಿತು. ಗಾಜಿನ ಚೂರುಗಳು ಅಕ್ಕನ ಮಡಿಲ ತುಂಬ ಬಿದ್ದವು. ಒಳಗೆ ರೋಗಿಯನ್ನು ಕಂಡ ಮೇಲೆ ಅವರೇ ಗಾಬರಿಯಾಗಿ, "ಹೋಗಿ, ಬೇಗ ಹೋಗಿ" ಎಂದು ದಾರಿ ಬಿಟ್ಟರು. ಅಕ್ಕ ಬದುಕಿಕೊಂಡಳು. ಹುಡುಗನ ಕೆನ್ನೆಯ ಗುರುತು ಉಳಿಯಿತು. ಮರುದಿನ ಅವನು ಹೇಳಿದ ಮಾತು ಇಷ್ಟೆ: "ಮಾಮ, ಅವ್ರು ಪೊಲೀಸ್ನೋರೋ ಕಳ್ಳರೋ ನಂಗೆ ತಿಳೀಲಿಲ್ಲ." ಆ ಇಬ್ಬರನ್ನು ಕೇಳಿದ್ದರೆ ಅವರೂ ಬಹುಶಃ ಅದೇ ಮಾತನ್ನು ಹೇಳುತ್ತಿದ್ದರು: ಒಳಗಿರುವವರು ರೋಗಿಗಳೋ ಕಳ್ಳರೋ ತಮಗೆ ತಿಳಿಯಲಿಲ್ಲ ಎಂದು.

ತನಿಖಾ ಠಾಣೆಯ ಕಷ್ಟವೆಲ್ಲ ಈ ಎರಡು ಅಜ್ಞಾನಗಳ ನಡುವೆ ಇದೆ.

ಮೊದಲು ಕಾನೂನನ್ನು ನೋಡೋಣ. ವಾಹನವನ್ನು ತಡೆದು ಪತ್ರಗಳನ್ನು ಕೇಳುವ ಅಧಿಕಾರ ಪೊಲೀಸರಿಗೆ ಉಂಟು. 1988ರ ಮೋಟಾರು ವಾಹನ ಅಧಿನಿಯಮದ 130ನೆಯ ಪ್ರಕರಣದಂತೆ ಸಮವಸ್ತ್ರದಲ್ಲಿರುವ ಯಾವ ಪೊಲೀಸ್ ಅಧಿಕಾರಿ ಕೇಳಿದರೂ ಚಾಲಕನು ಲೈಸೆನ್ಸನ್ನು ತೋರಿಸತಕ್ಕದ್ದು. 'ಸಮವಸ್ತ್ರದಲ್ಲಿರುವ' ಎಂಬ ಮಾತನ್ನು ಗಮನಿಸಬೇಕು. ತಡೆಯುವವನು ಯಾರೆಂದು ತಡೆಸಿಕೊಳ್ಳುವವನಿಗೆ ತಿಳಿಯಬೇಕೆಂಬುದು ಅದರ ಆಶಯ. ಇನ್ನು, ನಿಲ್ಲದೆ ಹೋದರೆ ಏನು? ಅದು ಆಜ್ಞೋಲ್ಲಂಘನೆ, ದಂಡ ತೆರಬೇಕಾದ ತಪ್ಪು. ನಿಲ್ಲದೆ ಹೋದದ್ದಕ್ಕೆ ನ್ಯಾಯಾಲಯ ವಿಧಿಸುವ ಶಿಕ್ಷೆ ಜುಲ್ಮಾನೆಯಾಗಿದ್ದರೆ, ಅದೇ ತಪ್ಪಿಗೆ ರಸ್ತೆಯಲ್ಲಿ ಸಿಗುವ ಶಿಕ್ಷೆ ಮರಣವಾಗಬಾರದೆಂಬುದು ಸಾಮಾನ್ಯ ವಿವೇಕಕ್ಕೂ ಹೊಳೆಯುವ ಮಾತು.

ದಸ್ತಗಿರಿಯ ವೇಳೆ ಬಲಪ್ರಯೋಗಕ್ಕೆ ಸಂಬಂಧಿಸಿದ ನಿಯಮ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 46ನೆಯ ಪ್ರಕರಣದಲ್ಲಿತ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 43ನೆಯ ಪ್ರಕರಣದಲ್ಲಿ ಹಳೆಯ ನಿಯಮದ ಸಾರವೇ ಉಳಿದಿದೆ. ದಸ್ತಗಿರಿಯನ್ನು ಬಲವಂತದಿಂದ ವಿರೋಧಿಸುವವನ ಮೇಲೆ ಅಗತ್ಯವಾದ ಎಲ್ಲ ಉಪಾಯಗಳನ್ನೂ ಬಳಸಬಹುದು. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಾದ ಅಪರಾಧದ ಆಪಾದನೆ ಯಾರ ಮೇಲೆ ಇಲ್ಲವೋ ಅವನನ್ನು ಕೊಲ್ಲುವ ಹಕ್ಕನ್ನು ಈ ನಿಯಮ ಕೊಡುವುದಿಲ್ಲ. ತಪ್ಪಿಸಿಕೊಳ್ಳದಂತೆ ತಡೆಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ನಿರ್ಬಂಧ ಕೂಡದೆಂದು 46ನೆಯ ಪ್ರಕರಣ ಹೇಳುತ್ತದೆ. ಈಗ ತನಿಖಾ ಠಾಣೆಯ ಪೇದೆಯ ಸ್ಥಿತಿಯನ್ನು ನೆನೆದುಕೊಳ್ಳಿ. ಎದುರಿನ ವಾಹನದಲ್ಲಿ ಯಾರಿದ್ದಾರೆಂದೇ ಆತನಿಗೆ ಗೊತ್ತಿಲ್ಲ. ಯಾರೆಂದೇ ಗೊತ್ತಿಲ್ಲದವನ ಮೇಲೆ ಜೀವಾವಧಿ ಶಿಕ್ಷೆಯ ಆಪಾದನೆ ಇರುವುದೆಂತು? ಹೀಗಾಗಿ ಕೇವಲ ನಿಲ್ಲಲಿಲ್ಲ ಎಂಬ ಕಾರಣದ ಮೇಲೆ ಹಾರುವ ಗುಂಡಿಗೆ ಈ ಪ್ರಕರಣದ ಆಸರೆ ಸಿಗುವುದಿಲ್ಲ.

ಉಳಿಯುವುದು ಆತ್ಮರಕ್ಷಣೆಯ ಹಕ್ಕು. ಅದು ಪ್ರತಿಯೊಬ್ಬ ನಾಗರಿಕನಿಗೂ ಇದೆ, ಪೊಲೀಸನಿಗೂ ಇದೆ. ಪ್ರಾಣಕ್ಕೆ ಅಥವಾ ಘೋರ ಗಾಯಕ್ಕೆ ನಿಜವಾದ ಭಯವಿದ್ದಾಗ ಆಕ್ರಮಣಕಾರನ ಪ್ರಾಣ ಹೋಗುವಷ್ಟು ಬಲವನ್ನೂ ಬಳಸಬಹುದು. ಆದ್ದರಿಂದಲೇ ಇಂಥ ಪ್ರಕರಣಗಳಲ್ಲಿ ಪದೇ ಪದೇ ಕೇಳಿಬರುವ ಸಮರ್ಥನೆ, 'ಗಾಡಿಯನ್ನು ನನ್ನ ಮೇಲೆಯೇ ಹಾಯಿಸಲು ಬಂದ' ಎಂಬುದು. ಈ ಮಾತು ಎಷ್ಟೋ ಸಲ ನಿಜವಾಗಿರುತ್ತದೆ. ಅದನ್ನು ಹಗುರವಾಗಿ ಕಾಣಬಾರದು. ನಮ್ಮ ಕಡೆ ಹಾಯುವ 150ಎ ರಾಷ್ಟ್ರೀಯ ಹೆದ್ದಾರಿಯ ಉತ್ತರದ ತುದಿ ಜೇವರ್ಗಿ. ಆ ತಾಲ್ಲೂಕಿನಲ್ಲೇ 2023ರ ಜೂನ್ ತಿಂಗಳಲ್ಲಿ ಅಕ್ರಮ ಮರಳಿನ ಟ್ರ್ಯಾಕ್ಟರನ್ನು ತಡೆಯಹೋದ ಮುಖ್ಯ ಪೇದೆಯೊಬ್ಬರು ಅದರ ಚಕ್ರಕ್ಕೆ ಸಿಕ್ಕಿ ಸತ್ತರು. 2022ರ ಜುಲೈಯಲ್ಲಿ ಹರಿಯಾಣದ ನೂಹ್ ಬಳಿ ಕಲ್ಲುಗಣಿಯ ಲಾರಿಯನ್ನು ನಿಲ್ಲಿಸಹೋದ ಡಿವೈಎಸ್‌ಪಿ ದರ್ಜೆಯ ಅಧಿಕಾರಿಗೂ ಇದೇ ಗತಿಯಾಯಿತು. ತಡೆಯ ಬಳಿ ನಿಲ್ಲುವವನ ಭಯ ಸುಳ್ಳಲ್ಲ.

ಆದರೆ ನಿಜವಾದ ಭಯವನ್ನೂ ನೆಪವನ್ನೂ ಬೇರೆಮಾಡುವ ಸಾಕ್ಷಿ ಗಾಡಿಯ ಮೈಮೇಲೇ ಇರುತ್ತದೆ. ಗುಂಡು ಮುಂದಿನ ಗಾಜನ್ನು ಹೊಕ್ಕಿದ್ದರೆ ಗಾಡಿ ಎದುರು ಬರುತ್ತಿತ್ತೆಂದು ಊಹಿಸಬಹುದು. ಪಕ್ಕದ ಗಾಜನ್ನು ಹೊಕ್ಕಿದ್ದರೆ ಅದು ಆಗಲೇ ಹಾದುಹೋಗುತ್ತಿತ್ತು. ಹಿಂದಿನ ಗಾಜನ್ನು ಹೊಕ್ಕಿದ್ದರೆ ಅಪಾಯ ದಾಟಿಹೋಗಿತ್ತು, ಉಳಿದಿದ್ದುದು ಕೋಪ.

ಈಗ ಒಂದಿಷ್ಟು ಗಣಿತ. ಗಂಟೆಗೆ 80 ಕಿಲೋಮೀಟರು ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರು ಸಾಗುತ್ತದೆ. ಅನಿರೀಕ್ಷಿತವಾದುದನ್ನು ಕಂಡು, ಅರಿತು, ಕಾಲನ್ನು ಬ್ರೇಕಿನ ಮೇಲಿಡಲು ಸಾಮಾನ್ಯ ಮನುಷ್ಯನಿಗೆ ಒಂದೂವರೆ ಸೆಕೆಂಡಾದರೂ ಬೇಕು. ಅಷ್ಟರಲ್ಲೇ 33 ಮೀಟರು ಕಳೆಯಿತು. ಒಣ ಡಾಂಬರಿನ ಮೇಲೆ, ಒಳ್ಳೆಯ ಬ್ರೇಕಿದ್ದರೂ, ಗಾಡಿ ನಿಲ್ಲಲು ಇನ್ನೂ ಸುಮಾರು 35 ಮೀಟರು ಬೇಕು. ಒಟ್ಟು ಸುಮಾರು 70 ಮೀಟರು. ಹೊರೆ ತುಂಬಿದ ಲಾರಿಗೆ ಇದಕ್ಕೂ ಹೆಚ್ಚು. ತಗ್ಗಿಸಿದ ದೀಪದ ಬೆಳಕಿನಲ್ಲಿ ಖಾಕಿ ಬಟ್ಟೆಯ ಮನುಷ್ಯ 40 ಮೀಟರಿನಾಚೆಗೆ ಕಾಣುವುದೇ ದುಸ್ತರ. ಎಂದರೆ ಕತ್ತಲಲ್ಲಿ, ಮುನ್ಸೂಚನೆಯಿಲ್ಲದೆ, ಕೈಯೊಡ್ಡಿ ನಿಂತ ಪೇದೆಯ ಮುಂದೆ ಅತ್ಯಂತ ವಿಧೇಯನಾದ ಚಾಲಕನೂ ಗಾಡಿ ನಿಲ್ಲಿಸಲಾರ. ಅವನು ದಾಟಿ ಹೋಗಿಯೇ ನಿಲ್ಲಿಸುತ್ತಾನೆ. ಆದರೆ ಪೇದೆಯ ಕಣ್ಣಿಗೆ ಅವನು 'ನಿಲ್ಲಿಸದೆ ಓಡಿದವನು'. ನಮ್ಮೂರ ಹುಡುಗನ ಕೆನ್ನೆಯ ಗಾಯಕ್ಕೆ ಕಾರಣ ಈ 30 ಮೀಟರುಗಳ ಕೊರತೆಯೇ ಎಂದು ನಾನು ಬಹಳ ತಡವಾಗಿ ಲೆಕ್ಕ ಹಾಕಿ ತಿಳಿದುಕೊಂಡೆ.

ಗುಂಡಿನ ವಿಷಯದಲ್ಲೂ ಇಂಥದೇ ಒಂದು ಭ್ರಮೆಯಿದೆ. ಗುಂಡು ಹೊಡೆದರೆ ಗಾಡಿ ನಿಲ್ಲುತ್ತದೆಂಬುದು ಸಿನಿಮಾದ ಮಾತು. ಚಕ್ರಕ್ಕೆ ತಗುಲಿದ ಗುಂಡು ಗಾಡಿಯನ್ನು ಅಲ್ಲೇ ನಿಲ್ಲಿಸದು. ಚಾಲಕನಿಗೆ ತಗುಲಿದರೆ ಒಂದು ಟನ್ನು ತೂಕದ ಯಂತ್ರ ಯಾರ ಹತೋಟಿಗೂ ಸಿಗದೆ ಮುಂದಕ್ಕೆ ಓಡುತ್ತದೆ. ಎದುರಿಗೆ ನಿಂತವನನ್ನು ಅದು ಆಗಲೂ ಕೊಲ್ಲಬಲ್ಲದು. ಪಕ್ಕಕ್ಕೆ ಸರಿದವನು ಉಳಿಯುತ್ತಾನೆ. ಇನ್ನು ಹಿಂದಿನ ಸೀಟಿನಲ್ಲಿ ಯಾರಿದ್ದರೆಂಬುದು ಬಾಗಿಲು ತೆರೆದ ಮೇಲೆ ಗೊತ್ತಾಗುವ ವಿಷಯ.

ನಮ್ಮ ರಾಜ್ಯದಲ್ಲೇ ನಡೆದ ಒಂದು ಪ್ರಕರಣವನ್ನು ನೆನೆಯಬೇಕು. 2014ರ ಏಪ್ರಿಲ್ 19ರಂದು ಶೃಂಗೇರಿಯ ಹತ್ತಿರದ ತನಿಕೋಡು ತನಿಖಾ ಠಾಣೆಯಲ್ಲಿ, ಜಾನುವಾರು ಸಾಗಿಸುತ್ತಿದ್ದ ವಾಹನವೊಂದನ್ನು ತಡೆದ ಸಂದರ್ಭದಲ್ಲಿ, ನಕ್ಸಲ್ ನಿಗ್ರಹ ಪಡೆಯವರು ಹಾರಿಸಿದ ಗುಂಡಿಗೆ ಮಂಗಳೂರು ಕಡೆಯ ಯುವಕನೊಬ್ಬ ಬಲಿಯಾದ. ಸರ್ಕಾರ ಸಿಐಡಿ ತನಿಖೆಗೆ ಆದೇಶಿಸಿತು. ಸಾಗಣೆಯಲ್ಲಿ ಕಾನೂನುಭಂಗವಾಗಿತ್ತೆಂದೇ ಇಟ್ಟುಕೊಂಡರೂ ಅದು ಮರಣದಂಡನೆಯ ಅಪರಾಧವಲ್ಲ, ಜೀವಾವಧಿಯ ಅಪರಾಧವೂ ಅಲ್ಲ. ಆ ಕಾಡಿನಲ್ಲಿ ಪಡೆಯನ್ನು ಇಟ್ಟಿದ್ದುದು ಸಶಸ್ತ್ರ ಗುಂಪುಗಳನ್ನು ಎದುರಿಸಲು. ಯಾವ ಶತ್ರುವಿಗಾಗಿ ಕಾದು ಕೂತಿರುತ್ತೇವೋ ಬರುವವರೆಲ್ಲರಲ್ಲೂ ಅವನನ್ನೇ ಕಾಣುವುದು ಮನುಷ್ಯನ ದೌರ್ಬಲ್ಯ.

ದೆಹಲಿಯ ಕನಾಟ್ ಪ್ಲೇಸಿನಲ್ಲಿ 1997ರ ಮಾರ್ಚ್ 31ರಂದು ನಡೆದದ್ದೂ ಇದೇ. ಕುಖ್ಯಾತ ಅಪರಾಧಿಯೊಬ್ಬನ ಬೆನ್ನುಹತ್ತಿದ್ದ ಪೊಲೀಸರು ತಪ್ಪು ಕಾರನ್ನು ಸುತ್ತುವರಿದು ಗುಂಡಿನ ಮಳೆಗರೆದರು. ಒಳಗಿದ್ದ ವ್ಯಾಪಾರಸ್ಥರಲ್ಲಿ ಇಬ್ಬರು ಸತ್ತರು, ಮೂರನೆಯವನು ಗಾಯಗೊಂಡ. ಆತ್ಮರಕ್ಷಣೆಗಾಗಿ ಹಾರಿಸಿದೆವೆಂಬ ವಾದ ನಿಲ್ಲಲಿಲ್ಲ. 2007ರಲ್ಲಿ 10 ಮಂದಿ ಪೊಲೀಸರಿಗೆ ಜೀವಾವಧಿ ಶಿಕ್ಷೆಯಾಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2014ರಲ್ಲಿ ಅದೇ ನ್ಯಾಯಾಲಯವು ಪೊಲೀಸ್ ಗುಂಡಿನಿಂದಾಗುವ ಸಾವುಗಳ ಬಗ್ಗೆ ಹದಿನಾರು ಸೂತ್ರಗಳ ಮಾರ್ಗದರ್ಶನ ನೀಡಿತು. ಪ್ರಥಮ ವರ್ತಮಾನ ವರದಿ ದಾಖಲಾಗಬೇಕು, ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯ ತಂಡ ನಡೆಸಬೇಕು, ಮ್ಯಾಜಿಸ್ಟ್ರೇಟರ ವಿಚಾರಣೆಯಾಗಬೇಕು, ಘಟನೆಯ ಬೆನ್ನಿಗೇ ಬಡ್ತಿ, ಶೌರ್ಯಪದಕಗಳನ್ನು ಕೊಡಕೂಡದು ಎಂಬುವು ಅವುಗಳಲ್ಲಿ ಮುಖ್ಯವಾದವು.

ಅಪರಾಧ ಹೆಚ್ಚಿರುವ ದೇಶಗಳಲ್ಲಿ ಇಂಥ ಎಚ್ಚರಿಕೆ ನಡೆಯದು, ಅಲ್ಲಿ ಪೊಲೀಸರ ಕೈಕಟ್ಟಿದರೆ ಕೆಟ್ಟೆವು ಎನ್ನುವವರುಂಟು. ಈ ಮಾತನ್ನು ಪರೀಕ್ಷಿಸುವುದಕ್ಕೆ ಬ್ರೆಜಿಲ್ಲಿಗಿಂತ ತಕ್ಕ ದೇಶವಿಲ್ಲ. ಅಲ್ಲಿ 2014ರ ಡಿಸೆಂಬರಿನಲ್ಲಿ ಬಂದ 13,060ನೆಯ ಸಂಖ್ಯೆಯ ಕಾನೂನು ಸ್ಪಷ್ಟವಾಗಿ ಹೇಳುತ್ತದೆ: ಪೊಲೀಸ್ ತಡೆಯನ್ನು ಉಲ್ಲಂಘಿಸಿದ ವಾಹನದ ಮೇಲೆ, ಅದರಿಂದ ಯಾರದಾದರೂ ಪ್ರಾಣಕ್ಕೆ ಅಥವಾ ದೇಹಕ್ಕೆ ಅಪಾಯವಿಲ್ಲದ ಪಕ್ಷದಲ್ಲಿ, ಗುಂಡು ಹಾರಿಸುವುದು ನ್ಯಾಯಸಮ್ಮತವಲ್ಲ. ಕಾನೂನು ಬಂದ ಮಾತ್ರಕ್ಕೆ ಅಭ್ಯಾಸ ಬದಲಾಗಲಿಲ್ಲ. 2019ರ ಏಪ್ರಿಲ್ 7ರಂದು ರಿಯೋ ನಗರದಲ್ಲಿ ಕುಟುಂಬವೊಂದು ಕುಳಿತಿದ್ದ ಕಾರಿನ ಮೇಲೆ ಸೈನಿಕರು ಹಾರಿಸಿದ ಗುಂಡುಗಳಲ್ಲಿ 60ಕ್ಕೂ ಹೆಚ್ಚು ಆ ಕಾರಿಗೇ ತಗುಲಿದವು. ಕಾರು ನಡೆಸುತ್ತಿದ್ದ ಸಂಗೀತಗಾರ ಸತ್ತ. ನೆರವಿಗೆ ಬಂದ ಬಡವನೊಬ್ಬನೂ ಮುಂದೆ ತೀರಿಕೊಂಡ. ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯ 2002ರಲ್ಲಿ ಒಂದು ಮೂಲತತ್ತ್ವವನ್ನು ನೆನಪಿಸಿತು. ದಸ್ತಗಿರಿಯ ಉದ್ದೇಶ ಆರೋಪಿಯನ್ನು ನ್ಯಾಯಾಲಯದ ಮುಂದೆ ತರುವುದು, ಅವನನ್ನು ಶಿಕ್ಷಿಸುವುದಲ್ಲ. ಕೊಂದ ಮೇಲೆ ತರುವುದಾದರೂ ಯಾರನ್ನು?

ನಿಯಮವನ್ನು ಬಿಗಿಗೊಳಿಸಿದರೂ ಸಡಿಲಿಸಿದರೂ ಫಲ ಏನೆಂಬುದಕ್ಕೆ ಎರಡು ಉದಾಹರಣೆಗಳಿವೆ. ನ್ಯೂಯಾರ್ಕ್ ನಗರದ ಪೊಲೀಸ್ ಇಲಾಖೆ 1972ರಲ್ಲಿ ಚಲಿಸುವ ವಾಹನದ ಮೇಲೆ ಗುಂಡು ಹಾರಿಸುವುದನ್ನು, ವಾಹನವಲ್ಲದೆ ಬೇರೆ ಮಾರಕಾಸ್ತ್ರದ ಅಪಾಯವಿದ್ದ ಹೊರತು, ನಿಷೇಧಿಸಿತು. ಆಮೇಲೆ ಅಲ್ಲಿ ಪೊಲೀಸ್ ಗುಂಡಿನ ಪ್ರಕರಣಗಳು ಗಣನೀಯವಾಗಿ ಇಳಿದವು. ಪೊಲೀಸರ ಪ್ರಾಣಹಾನಿಯೇನೂ ಏರಲಿಲ್ಲ. ಇದಕ್ಕೆ ವಿರುದ್ಧವಾಗಿ ಫ್ರಾನ್ಸ್ 2017ರಲ್ಲಿ, ನಿಲ್ಲಲು ನಿರಾಕರಿಸುವ ವಾಹನಗಳ ಮೇಲೆ ಗುಂಡು ಹಾರಿಸುವ ಅವಕಾಶವನ್ನು ವಿಸ್ತರಿಸಿತು. 2022ನೆಯ ಒಂದೇ ವರ್ಷದಲ್ಲಿ ಅಲ್ಲಿ ಇಂಥ ಸಂದರ್ಭಗಳಲ್ಲಿ 13 ಮಂದಿ ಸತ್ತರು. 2023ರ ಜೂನ್ 27ರಂದು ನಾಂತೇರಿನಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಹೀಗೆ ಸತ್ತಾಗ ದೇಶವೇ ಹೊತ್ತಿ ಉರಿಯಿತು.

ಗುಂಡೊಂದೇ ಮಾರಕವೆಂದು ತಿಳಿಯಬಾರದು. 2025ರ ಮೇ 26ರಂದು ಮಂಡ್ಯದಲ್ಲಿ, ನಾಯಿ ಕಚ್ಚಿದ ಮೂರು ವರ್ಷದ ಮಗಳನ್ನು ಬೈಕಿನಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದ ತಂದೆತಾಯಿಯರನ್ನು ಹೆಲ್ಮೆಟ್ ತಪಾಸಣೆಗೆಂದು ತಡೆದಾಗ ಬೈಕು ಉರುಳಿ, ಮಗು ಲಾರಿಗೆ ಸಿಕ್ಕಿ ಸತ್ತಿತು. ಮೂವರು ಸಹಾಯಕ ಸಬ್‌ಇನ್‌ಸ್ಪೆಕ್ಟರರು ಅಮಾನತಾದರು. ಅಲ್ಲಿ ಬಂದೂಕಿರಲಿಲ್ಲ, ಲಾಠಿಯೂ ಏಳಲಿಲ್ಲ; ಅಡ್ಡ ಚಾಚಿದ ಒಂದು ಕೈಯೇ ಸಾಕಾಯಿತು. ಅನಂತರ ರಾಜ್ಯದ ಪೊಲೀಸ್ ಮುಖ್ಯಸ್ಥರು ಸುತ್ತೋಲೆಯೊಂದನ್ನು ಹೊರಡಿಸಿದರು. ವಾಹನದ ಮುಂದೆ ಹಠಾತ್ತನೆ ನುಗ್ಗಬಾರದು, ಕೀಲಿ ಕಿತ್ತುಕೊಳ್ಳಬಾರದು, ಹಿಂದೆ ಕೂತವರನ್ನು ಎಳೆಯಬಾರದು, ವೇಗವಾಗಿ ಹೋದವನನ್ನು ಬೆನ್ನಟ್ಟದೆ ನಂಬರು ಗುರುತುಮಾಡಿಕೊಂಡು ನಿಯಂತ್ರಣ ಕೊಠಡಿಗೆ ತಿಳಿಸಬೇಕು ಎಂಬುದು ಅದರ ತಾತ್ಪರ್ಯ.

ಈ ಕೊನೆಯ ಮಾತಿನ ಬೆಲೆ ನನಗೆ ಗೊತ್ತಾದದ್ದು ತಡೆಯ ಇನ್ನೊಂದು ಬದಿಯಲ್ಲಿ. 2018ರ ವಿಧಾನಸಭಾ ಚುನಾವಣೆಯಲ್ಲಿ ನನ್ನನ್ನು ಗಡಿಯ ತನಿಖಾ ಠಾಣೆಯೊಂದರ ಕೆಲಸಕ್ಕೆ ಹಾಕಿದ್ದರು. ಮೂರನೆಯ ರಾತ್ರಿ. ನನ್ನ ಜೊತೆಗೆ ಒಬ್ಬ ಹಿರಿಯ ಮುಖ್ಯ ಪೇದೆ, ಬಂದೂಕು ಹಿಡಿದ ಒಬ್ಬ ಎಳೆಯ ಪೇದೆ. ಆ ಹುಡುಗ ಬೆಳಗಿನಿಂದ ಕಾಲಮೇಲೆ ನಿಂತಿದ್ದ. ಊಟ ಬರುವುದು ತಡವಾಗಿತ್ತು. ಎರಡು ಗಂಟೆಯ ಸುಮಾರಿಗೆ ಕಾರೊಂದು ಕಣ್ಣುಕುಕ್ಕುವ ದೀಪದೊಂದಿಗೆ ಬಂತು. ಕೈಬೀಸಿದೆವು, ಕೂಗಿದೆವು, ವೇಗ ತಗ್ಗಲಿಲ್ಲ. ತಡೆಯನ್ನು ಕೆಡವಿಕೊಂಡು ಮುಂದೆ ಹೋಯಿತು. ಹುಡುಗ ಬಂದೂಕನ್ನು ಹೆಗಲಿಗೆ ಏರಿಸಿದ್ದ. ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ಅವನು ಹೊಡೆಯಲಿ ಎಂದೇ ನನ್ನ ಮನಸ್ಸೂ ಬಯಸಿತು. ಐದು ವರ್ಷಗಳ ಹಿಂದೆ ಅಕ್ಕನ ಮಡಿಲಿನಿಂದ ಗಾಜಿನ ಚೂರು ಆಯ್ದಿದ್ದ ಕೈ ನನ್ನದೇ, ಆದರೂ ಬಯಸಿತು. ಮುಖ್ಯ ಪೇದೆ ಮಾತ್ರ ಹುಡುಗನ ತೋಳಿನ ಮೇಲೆ ಕೈಯಿಟ್ಟು, "ಬಿಡಪ್ಪ, ನಂಬರ್ ಬರ್ಕೊ. ಎಲ್ಲಿಗ್ ಹೋಗ್ತಾನೆ" ಎಂದರು. ಮುಂದಿನ ಠಾಣೆಗೆ ಸುದ್ದಿ ಮುಟ್ಟಿಸಿದೆವು. ಅರ್ಧ ಗಂಟೆಯಲ್ಲಿ ಕಾರು ಸಿಕ್ಕಿತು. ಮದುವೆಯಿಂದ ಮರಳುತ್ತಿದ್ದ ಸಂಸಾರ. ಚಾಲಕನಿಗೆ ತೂಕಡಿಕೆ ಹತ್ತಿತ್ತು. ಹಿಂದಿನ ಸೀಟಿನಲ್ಲಿ ಮೂರು ಮಕ್ಕಳು ಒಂದರ ಮೇಲೊಂದು ಬಿದ್ದು ಮಲಗಿದ್ದವು. ಸುದ್ದಿ ಕೇಳಿದ ಹುಡುಗ ಬೆಳಗಿನವರೆಗೆ ಮಾತಾಡಲಿಲ್ಲ.

ಆ ರಾತ್ರಿ ನಾನು ಕಲಿತದ್ದು ಇದು. ಬಂದೂಕಿನ ಬಗೆಗಿನ ನಿರ್ಧಾರ ಗಾಡಿ ಬಂದಾಗ ಆಗುವುದಲ್ಲ, ಗಾಡಿ ಬರುವ ಮೊದಲೇ ಆಗಿರುತ್ತದೆ. ಠಾಣೆಗೆ 200 ಮೀಟರು ಮೊದಲೇ ಹೊಳೆಯುವ ಫಲಕವಿದೆಯೇ, ವೇಗ ತಾನಾಗಿ ತಗ್ಗುವಂತೆ ತಡೆಗಳನ್ನು ಓರೆಯಾಗಿ ಇಟ್ಟಿದ್ದಾರೆಯೇ, ದೀಪವಿದೆಯೇ, ಮಿಂಚುವ ಅಂಗಿ ಇದೆಯೇ, ಪೇದೆ ನಿಲ್ಲುವುದು ರಸ್ತೆಯ ನಡುವೆಯೋ ಪಕ್ಕದಲ್ಲೋ, ಮುಂದಿನ ಠಾಣೆಯೊಂದಿಗೆ ಸಂಪರ್ಕವಿದೆಯೇ, ಕಾಯುವವನಿಗೆ ಊಟ ನಿದ್ರೆಗಳು ದೊರೆತಿವೆಯೇ: ಇವೆಲ್ಲ ಸರಿಯಿದ್ದ ಕಡೆ ಗುಂಡಿಗೆ ಕೆಲಸವೇ ಬೀಳುವುದಿಲ್ಲ. ಇವು ತಪ್ಪಿದ ಕಡೆ ಅವಸರದ ಮೂರು ಕ್ಷಣಗಳಿಗೆ ಎಲ್ಲವನ್ನೂ ಬಿಟ್ಟುಕೊಟ್ಟಂತೆ. ಆಮೇಲೆ ಪೇದೆಯೊಬ್ಬನನ್ನು ಕಟಕಟೆಗೆ ಏರಿಸುತ್ತೇವೆ. ದೀಪ ಹಾಕಿಸದವನು, ಊಟ ಕಳಿಸದವನು ಕಟಕಟೆಗೆ ಏರುವುದಿಲ್ಲ.

ನಮ್ಮ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿರುವುದನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಪ್ರಾಣಿಗಳಲ್ಲಿ ದಯೆ, ಮಾತಿನಲ್ಲಿ ಸತ್ಯ ಇರಬೇಕೆಂದು ಅದು ಹೇಳುತ್ತದೆ. ಇದೇ ಅಶೋಕನು ಕಳಿಂಗದ ಧೌಲಿ, ಜೌಗಡಗಳ ನಗರಾಧಿಕಾರಿಗಳಿಗೆ ಬರೆಸಿದ ಇನ್ನೊಂದು ಶಾಸನವಿದೆ. ಅದರ ಪ್ರತಿಯೊಂದು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ದೊರೆಯಿತು. ಕಾರಣವಿಲ್ಲದೆ ಜನರನ್ನು ಬಂಧನಕ್ಕೂ ಹಿಂಸೆಗೂ ಗುರಿಮಾಡಕೂಡದೆಂಬುದು ಆ ಶಾಸನದ ಮುಖ್ಯ ವಿಷಯ. ಅಧಿಕಾರಿಯನ್ನು ಕೆಡಿಸುವ ದೋಷಗಳನ್ನು ಅದು ಎಣಿಸುತ್ತದೆ. ಅಸೂಯೆ, ಕೋಪ, ಕ್ರೌರ್ಯಗಳ ಜೊತೆಗೆ ಅವಸರವನ್ನೂ ಆಯಾಸವನ್ನೂ ಸೇರಿಸುತ್ತದೆ. ಕೋಪಿಸದಿರುವುದು, ಅವಸರಪಡದಿರುವುದು, ಇವೇ ಎಲ್ಲಕ್ಕೂ ಮೂಲವೆಂದು ಹೇಳುತ್ತದೆ.

ಕೋಪವನ್ನೂ ಕ್ರೌರ್ಯವನ್ನೂ ದೋಷವೆಂದು ಯಾರೂ ಹೇಳಿಯಾರು. ದಣಿದವನ ಕೈಯಲ್ಲಿ ನ್ಯಾಯ ಕೆಡುತ್ತದೆಂದು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಕಂಡುಕೊಂಡದ್ದು ದೊಡ್ಡ ಮಾತು. ಈಗಲೂ ಚುನಾವಣೆ ಬಂದಾಗ ನಮ್ಮೂರ ದಾರಿಯಲ್ಲಿ ತಡೆ ಏಳುತ್ತದೆ. ಅಲ್ಲಿ ಫಲಕವಿದೆಯೇ, ದೀಪ ಉರಿಯುತ್ತಿದೆಯೇ ಎಂದು ನಾನು ಮೊದಲು ನೋಡುತ್ತೇನೆ. ಅನಂತರ ಅಲ್ಲಿ ನಿಂತ ಹುಡುಗನನ್ನು, "ಊಟ ಆಯ್ತೇನಪ್ಪ?" ಎಂದು ಕೇಳುತ್ತೇನೆ.